ಹತ್ತರ ಕಟ್ಟಿನ ಹನ್ನೊಂದನೇ ರೊಟ್ಟಿ

ಬೆಳಗಿನ ಜಾವ ನಾಲ್ಕೂಕಾಲು. ಜರಗನಹಳ್ಳಿಯ ಈ ಅಡ್ಡರಸ್ತೆಗೆ ಹಾಲಿನ ಗಾಡಿಯೂ ಇನ್ನೂ ಬಂದಿಲ್ಲ. ಚಿಕ್ಕಬೈರಪ್ಪನವರ ಮೂರಂತಸ್ತಿನ ಮನೆಯ ಹಿಂದಿರುವ ಔಟ್‌ಹೌಸಿನಿಂದ ಮಾತ್ರ ತಪತಪ, ತಪತಪ ಎಂದು ಸದ್ದು ಬರುತ್ತಿದೆ. ಒಳಗೆ ಮಣೆಯ ಮುಂದೆ ಕೂತ ಮುರಿಗೆವ್ವ, ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟನ್ನು ಉಂಡೆ ಮಾಡಿ, ಅಂಗೈಯಲ್ಲಿ ತಟ್ಟುತ್ತಾ ತಿರುಗಿಸುತ್ತಿದ್ದಾರೆ. ನೋಡನೋಡುತ್ತಿದ್ದಂತೆ ಉಂಡೆ ಅಗಲವಾಗಿ, ತೆಳ್ಳಗಾಗಿ ಮಣೆ ತುಂಬುತ್ತದೆ.

ದಿನದ ಮೊದಲ ರೊಟ್ಟಿ ಹಂಚಿಗೆ ಬೀಳುತ್ತದೆ, ನಡುವೆ ಹರಿಯುತ್ತದೆ. ಹಂಚು ಹದಕ್ಕೆ ಬರುವ ಮೊದಲು ಹಾಕಿದ ರೊಟ್ಟಿಯ ಹಣೆಬರಹವೇ ಅದು. ಹಂಚಿನ ಮುಂದೆ ನಿಂತಿರುವ ಗಂಡ ಗುರುಸಿದ್ದ ಮಾತಿಲ್ಲದೆ ಆ ಹರಕು ರೊಟ್ಟಿಯನ್ನು ಎತ್ತಿಕೊಂಡು, ಶೇಂಗಾ ಚಟ್ನಿಪುಡಿ ಸವರಿ, ನಿಂತಲ್ಲೇ ತಿಂದು ಮುಗಿಸುತ್ತಾರೆ. ಎರಡನೆಯದರಿಂದ ಲೆಕ್ಕ ಶುರು.

ಇಷ್ಟನ್ನು ನೋಡುವುದಕ್ಕೆ ಪತ್ರಿಕೆಯವರು ಮೂರು ಸಲ ಬಂದು ಬಾಗಿಲಲ್ಲೇ ವಾಪಸು ಹೋಗಿದ್ದಾರೆ. ಮೊದಲ ಸಲ ಮುರಿಗೆವ್ವ ಗುರುತಿನ ಚೀಟಿ ಕೇಳಿದರು. ಎರಡನೇ ಸಲ ಆ ಚೀಟಿಯ ಫೋಟೊ ತೆಗೆದುಕೊಂಡರು. ಮೂರನೇ ಸಲ ನೇರವಾಗಿ ವ್ಯವಹಾರಕ್ಕೇ ಬಂದರು. “ಪೇಪರಿನ್ಯಾಗ ಹಾಕಾಕ ಎಷ್ಟು ರೊಕ್ಕ ತಗೋತೀರಿ?” ಏನೂ ಇಲ್ಲ, ಪುಕ್ಕಟೆ ಎಂದಾಗ ಅವರ ಮುಖ ಇನ್ನಷ್ಟು ಬಿಗಿಯಾಯಿತು. “ಪುಕ್ಕಟೆ ಯಾರ ಏನ ಮಾಡ್ತಾರ್ರೀ ಈ ಊರಾಗ?”

ಕೊನೆಗೆ ನಾಲ್ಕನೇ ಸಲ ಒಳಗೆ ಬಿಟ್ಟುಕೊಂಡರು. ಅದೂ ಒಂದು ಕರಾರಿನ ಮೇಲೆ. “ಬರಿಯೋದಿದ್ರ ಬರೀರಿ. ಆದ್ರ ನನ್ನ ಹೆಸರು ಹಾಕಬೇಕೋ ಬ್ಯಾಡೋ ಅನ್ನೋದನ್ನ ಆಮ್ಯಾಲ ಹೇಳ್ತೀನಿ.” ಅವರು ಯಾವುದನ್ನೂ ಕೂಡಲೇ ಹೇಳುವವರಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ನಲವತ್ತಾರು ವರ್ಷದ ಮುರಿಗೆವ್ವ ಬಾದಾಮಿ ಕಡೆಯ ಹಳ್ಳಿಯವರು. ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಒಬ್ಬಳೇ ಮಗಳು ಶೈಲಶ್ರೀ, ಮದುವೆಯಾಗಿ ಬಾಗಲಕೋಟೆಯಲ್ಲಿದ್ದಾಳೆ. ಗಂಡ ಹೆಂಡತಿ ಸೇರಿ ಬೆಳಗ್ಗೆ ಒಂಬತ್ತರೊಳಗೆ ಇನ್ನೂರಿಪ್ಪತ್ತು ರೊಟ್ಟಿ ಮಾಡುತ್ತಾರೆ. ಹೆಂಡತಿ ತಟ್ಟಬೇಕು, ಗಂಡ ಬೇಯಿಸಬೇಕು. ಹತ್ತು ರೊಟ್ಟಿಯ ಕಟ್ಟಿಗೆ ನೂರು ರೂಪಾಯಿ. ಹಾಗಾದರೆ ಇಪ್ಪತ್ತೆರಡು ಕಟ್ಟು ಆಗಬೇಕಲ್ಲ? ಆಗುವುದು ಇಪ್ಪತ್ತೇ. ಪ್ರತಿ ಕಟ್ಟಿನಲ್ಲೂ ಹತ್ತರ ಮೇಲೊಂದು ಕೊಸರು ಇರುತ್ತದೆ. ಊರಿನ ಸಂತೆಯಲ್ಲಿ ಕಾಳು ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಅದೇ ಪದ್ಧತಿ. ಆಚೆ ಕಡೆಯ ಅಪಾರ್ಟ್‌ಮೆಂಟಿನ ಗೇಟಿಗೆ ನಾಲ್ಕು ಕಟ್ಟು, ಮಿಕ್ಕಿದ್ದೆಲ್ಲ ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಿಗೆ. ಅಲ್ಲಿ ಕೆಲಸಕ್ಕೆ ಬಂದಿರುವ ವಿಜಯಪುರ, ಕಲಬುರಗಿ ಕಡೆಯ ಹುಡುಗ ಹುಡುಗಿಯರಿಗೆ ಅನ್ನ ತಿಂದರೆ ಊಟ ಮಾಡಿದ ಹಾಗಾಗುವುದಿಲ್ಲ. ಮುರಿಗೆವ್ವ ಎರಡು ಚೀಲ ಹಿಡಿದು ಬಸ್ಸಿನಲ್ಲೇ ಹೋಗಿಬರುತ್ತಾರೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಈ ಊರಿನಲ್ಲಿ ಅವರು ನಂಬಿರುವ ಪುಕ್ಕಟೆ ಅದೊಂದೇ.

ಇದೆಲ್ಲ ಈಗಿನ ಲೆಕ್ಕ. ಕಳೆದ ವರ್ಷ ಆರು ತಿಂಗಳ ಮೇಲೆ ಹದಿಮೂರು ದಿನ ಹಂಚಿನ ಮುಂದೆ ಗುರುಸಿದ್ದ ಇರಲಿಲ್ಲ. ಅವರು ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದರು.

ಗುರುಸಿದ್ದ ಆಗ ಬೆಳಗಿನ ರೊಟ್ಟಿ ಬೇಯಿಸಿ ಮುಗಿಸಿದ ಮೇಲೆ, ಸಾಲದಲ್ಲಿ ಕೊಂಡ ಪುಟ್ಟ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ನಾಲ್ಕೈದು ವರ್ಷದ ಹಿಂದೆ ಒಂದು ದಿನ ತಲಘಟ್ಟಪುರದ ಕಡೆಯಿಂದ ತರಕಾರಿ ತುಂಬಿಕೊಂಡು ಬರುತ್ತಿದ್ದಾಗ, ರಸ್ತೆ ದಾಟುತ್ತಿದ್ದ ಮುದುಕರೊಬ್ಬರಿಗೆ ಗಾಡಿ ತಾಗಿತು. ಆಸ್ಪತ್ರೆಗೆ ಗುರುಸಿದ್ದರೇ ಕರೆದುಕೊಂಡು ಹೋದರು. ಮುದುಕ ಉಳಿಯಲಿಲ್ಲ. ಕೇಸು ನಡೆಯಿತು, ವೇಗವಾಗಿ ಓಡಿಸಿದ್ದು ಸಾಬೀತಾಯಿತು, ಮೇಲ್ಮನವಿಯೂ ಬಿದ್ದುಹೋಯಿತು. ಆರು ತಿಂಗಳ ಸಾದಾ ಸಜೆ, ಹತ್ತು ಸಾವಿರ ದಂಡ. ದಂಡ ಕಟ್ಟದಿದ್ದರೆ ಮೇಲೊಂದು ತಿಂಗಳು.

ಗುರುಸಿದ್ದ ಈ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಮುರಿಗೆವ್ವನೇ ಹೇಳುತ್ತಾರೆ. “ಕೋರ್ಟಿನ್ಯಾಗ ಆ ಅಜ್ಜನ ಹೆಂಡ್ತಿ ಬರ್ತಿದ್ಳ್ರೀ. ಒಂದು ಪ್ಲಾಸ್ಟಿಕ್ ಚೀಲ ಮಡಿಲಾಗ ಇಟ್ಕೊಂಡು ಸುಮ್ಮನ ಕುಂದರ್ತಿದ್ಳು. ನಮ್ಮನಿಯವ್ರು ಆರು ತಿಂಗಳಿಗೆ ಬಂದ್ರು. ಅಕಿ ಗಂಡ ಬರಂಗಿಲ್ಲಲ್ರೀ. ಅಕಿನ್ನ ನೆನಸ್ಕೊಂಡ್ರ ನಮ್ದೂ ಒಂದು ಕಷ್ಟ ಅನ್ನಾಕ ನಾಚಿಕಿ ಬರ್ತದ.” ಹೀಗೆಂದು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೊಂದು ಉಂಡೆ ತೆಗೆದುಕೊಳ್ಳುತ್ತಾರೆ.

ಆದರೆ ಕಷ್ಟ ಕಷ್ಟವೇ. ಆರು ತಿಂಗಳು ಎಂದರೆ ಕೇಳುವವರಿಗೆ ಅಯ್ಯೋ ಇಷ್ಟೇನಾ ಅನ್ನಿಸುತ್ತದೆ. ಸಂಸಾರ ನಡೆಸುವವರಿಗೆ ಅದು ಇಷ್ಟೇ ಅಲ್ಲ. ಸಾದಾ ಸಜೆಯಾದ್ದರಿಂದ ಒಳಗೆ ದುಡಿಮೆ ಇಲ್ಲ, ಕೂಲಿಯೂ ಇಲ್ಲ. ಡೀಸೆಲ್ಲು, ಗಾಡಿಯ ಕಂತು ಕಳೆದು ತಿಂಗಳಿಗೆ ಹದಿನೆಂಟು ಸಾವಿರ ತರುತ್ತಿದ್ದ ಕೈ ಒಂದೇ ದಿನಕ್ಕೆ ನಿಂತುಹೋಯಿತು. ಬೇಯಿಸುವ ಕೈ ಇಲ್ಲದ ಮೇಲೆ ರೊಟ್ಟಿಯೂ ಇಪ್ಪತ್ತು ಕಟ್ಟಿನಿಂದ ಹನ್ನೆರಡಕ್ಕಿಳಿಯಿತು. ಹಿಟ್ಟು, ಗ್ಯಾಸು ಕಳೆದು ದಿನಕ್ಕೆ ಆರುನೂರೈವತ್ತು ಉಳಿದರೆ ಹೆಚ್ಚು. ಮನೆ ಬಾಡಿಗೆ ಎಂಟೂವರೆ ಸಾವಿರ. ಗಾಡಿಯ ಕಂತು ಒಂಬತ್ತು ಸಾವಿರದ ಎಂಟುನೂರು.

ಮನೆ ಹೋಗಬಾರದು. ಮುರಿಗೆವ್ವನಿಗೆ ಇದ್ದದ್ದು ಅದೊಂದೇ ಚಿಂತೆ. ಬೆಳಗಿನ ಜಾವ ನಾಲ್ಕಕ್ಕೆ ತಪತಪ ಸದ್ದು ಮಾಡುವವರಿಗೆ ಬೆಂಗಳೂರಿನಲ್ಲಿ ಮನೆ ಕೊಡುವವರು ಯಾರು? ಈ ಔಟ್‌ಹೌಸಿಗೆ ಬರುವ ಮೊದಲು ಮೂರು ಕಡೆ ಬಿಡಿಸಿದ್ದರು. ಇಲ್ಲಿ ಚಿಕ್ಕಬೈರಪ್ಪನವರ ಹೆಂಡತಿ ನಾರಾಯಣಮ್ಮ ಮಾತ್ರ, ಅದೇನು ಕಾರಣವೋ, ಸಹಿಸಿಕೊಂಡಿದ್ದರು. ಗಂಡ ಜೈಲಿನಲ್ಲಿದ್ದಾನೆ ಎಂದು ತಿಳಿದರೆ ಆ ಸಹನೆ ಉಳಿಯುತ್ತದೆಯೇ? ಮನೆ ಹೋದರೆ ಹಂಚು ಹೋಯಿತು, ಹಂಚು ಹೋದರೆ ಅನ್ನವೇ ಹೋಯಿತು. ಹೀಗೆ ಯೋಚಿಸಿ ಮುರಿಗೆವ್ವ ಒಂದು ಸುಳ್ಳು ಕಟ್ಟಿದರು. “ನಮ್ಮನಿಯವ್ರು ಗೋವಾಕ್ಕ ಡ್ರೈವಿಂಗ್ ಕೆಲಸಕ್ಕ ಹೋಗ್ಯಾರ್ರೀ ಅಮ್ಮಾರ.” ಮಗಳಿಗೂ ಅದೇ ಸುಳ್ಳು. ಬೀಗರ ಕಿವಿಗೆ ಬಿದ್ದರೆ ಏನು ಗತಿ!

ಸುಳ್ಳು ಹೇಳಿದವರಿಗೆ ಎಲ್ಲರ ಮೇಲೂ ಅನುಮಾನ ಬರುತ್ತದೆ. ಮುರಿಗೆವ್ವನಿಗೆ ಮೊದಲ ವಾರದಲ್ಲೇ ಒಂದು ಪೆಟ್ಟೂ ಬಿದ್ದಿತ್ತು. ಕೋರ್ಟಿನ ಹೊರಗೆ ಬಿಳಿ ಷರಟಿನವನೊಬ್ಬ ಸಿಕ್ಕಿ, “ಆರು ಸಾವಿರ ಕೊಡಿ ಅಕ್ಕ, ದಂಡಾನೂ ಕಡಿಮೆ ಮಾಡಿಸಿ ಇದ್ರಲ್ಲೇ ಕಟ್ಬಿಡ್ತೀನಿ, ಪೆರೋಲೂ ಮಾಡಿಸ್ಕೊಡ್ತೀನಿ” ಎಂದ. ಕಿವಿಯೋಲೆ ಅಡವಿಟ್ಟು ಕೊಟ್ಟರು. ಪೆರೋಲೂ ಇಲ್ಲ, ಆಸಾಮಿಯೂ ಇಲ್ಲ. ಪೆರೋಲು ಆಗಲಿಲ್ಲ ನಿಜ, ದಂಡವನ್ನಾದರೂ ಕಟ್ಟಿರುತ್ತಾನೆ ಎಂದು ಮುರಿಗೆವ್ವ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಯಾಕೆ ಹಾಗಂದುಕೊಂಡಿರಿ ಎಂದು ಈಗ ಕೇಳಿದರೆ, “ಆರು ಸಾವಿರ ಪೂರಾ ನೀರಾಗ ಹೋತು ಅಂತ ಒಪ್ಕೊಳ್ಳಾಕ ಜೀವ ಆಗಲಿಲ್ರೀ” ಎನ್ನುತ್ತಾರೆ.

ಎರಡನೇ ಪೆಟ್ಟು ಬಿದ್ದದ್ದು ರೊಟ್ಟಿ ಡಬ್ಬಿಯ ಮೇಲೆ ಅಂಟಿಸಿದ್ದ ಚೌಕದ ಚೀಟಿಯಿಂದ. ಪಿ.ಜಿ. ಹುಡುಗರು ಮೊಬೈಲು ಹಿಡಿದು ಆ ಕ್ಯೂಆರ್ ಚೀಟಿಗೆ ದುಡ್ಡು ಹಾಕುತ್ತಿದ್ದರು. ಖಾತೆ ಗುರುಸಿದ್ದರ ಹೆಸರಿನಲ್ಲಿತ್ತು. ಅವರ ಫೋನು ತೆರೆಯುವ ಗುಟ್ಟೂ, ಎ.ಟಿ.ಎಂ. ಕಾರ್ಡಿನ ಸಂಖ್ಯೆಯೂ ಅವರ ತಲೆಯಲ್ಲೇ ಇದ್ದು ಒಳಗೆ ಹೋದವು. ದುಡ್ಡು ಕೂಡುತ್ತಿದೆಯಲ್ಲ, ಬಂದಮೇಲೆ ತೆಗೆದರಾಯಿತು ಎಂದು ಮುರಿಗೆವ್ವ ತಿಂಗಳೊಪ್ಪತ್ತು ಸುಮ್ಮನಿದ್ದರು. ಆಮೇಲೆ ಯಾಕೋ ಮನಸ್ಸು ತಡೆಯದೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರು. ಯಂತ್ರ ಕರ್ ಕರ್ ಎಂದು ಅಚ್ಚು ಹಾಕಿದ್ದನ್ನು ಕ್ಯೂನಲ್ಲಿದ್ದ ಹುಡುಗಿಯೊಬ್ಬಳು ಓದಿ ಹೇಳಿದಳು. ರೊಟ್ಟಿಯ ದುಡ್ಡು ಹದಿನಾಲ್ಕು ಸಾವಿರ ಬಂದಿದೆ. ಗಾಡಿಯ ಕಂತು ಒಂಬತ್ತು ಸಾವಿರದ ಎಂಟುನೂರು ತನ್ನಷ್ಟಕ್ಕೇ ಕಡಿತವಾಗಿದೆ.

“ಅವನೌನ, ಗಾಡಿ ಮರದ ಕೆಳಗ ನಿಂತೈತಿ, ಓಡ್ಸೋ ಮನಷ್ಯಾ ಒಳಗದಾನ, ನಾ ತಟ್ಟಿದ ರೊಟ್ಟಿ ಎಲ್ಲ ಆ ಗಾಡಿ ತಿನ್ನಾಕತ್ತೈತಿ!” ಎನ್ನುವಾಗ ಇವತ್ತಿಗೂ ಅವರ ದನಿ ಏರುತ್ತದೆ. ಅಂದೇ ಆ ಚೀಟಿಯನ್ನು ಉಗುರಿನಲ್ಲಿ ಕೆರೆದು ಕಿತ್ತರು. ಇನ್ನು ಮೇಲೆ ನಗದು ಮಾತ್ರ ಎಂದರು. ಈ ಕಾಲದ ಹುಡುಗರ ಜೇಬಿನಲ್ಲಿ ನಗದು ಎಲ್ಲಿರುತ್ತದೆ? “ಸಾರಿ ಆಂಟಿ, ಚೇಂಜ್ ಇಲ್ಲ” ಎಂದು ಒಬ್ಬೊಬ್ಬರೇ ಕಳಚಿಕೊಂಡರು. ಹನ್ನೆರಡು ಕಟ್ಟು ಎಂಟಕ್ಕೆ ಬಂತು. ಖಾತೆ ಬರಿದಾದ ಮೇಲೆ ಮೂರು ಕಂತು ತಪ್ಪಿ, ಫೈನಾನ್ಸ್‌ನವರು ಬಂದು ಗಾಡಿಯನ್ನೂ ಎಳೆದುಕೊಂಡು ಹೋದರು. ಹರಾಜಿನಲ್ಲಿ ಸಿಕ್ಕಿದ್ದು ಸಾಲಕ್ಕೆ ಸಾಲದೆ ಎಪ್ಪತ್ತು ಸಾವಿರ ಬಾಕಿ ಉಳಿಯಿತು.

ಮೂರು ತಿಂಗಳು ಹೇಗೋ ಬಾಡಿಗೆ ಕಟ್ಟಿದರು. ನಾಲ್ಕನೇ ತಿಂಗಳು ಕೈ ಚೆಲ್ಲಿದರು. “ಅಡ್ವಾನ್ಸಿನ್ಯಾಗ ಹಿಡ್ಕೋರಿ ಅಮ್ಮಾರ” ಎಂದಾಗ ನಾರಾಯಣಮ್ಮ ಕಣ್ಣು ಕಿರಿದು ಮಾಡಿ ನೋಡಿದರಂತೆ. ಐವತ್ತು ಸಾವಿರದ ಅಡ್ವಾನ್ಸು ಅದು, ಮುರಿಗೆವ್ವನಿಗೆ ಈ ಊರಿನಲ್ಲಿದ್ದ ಏಕೈಕ ಉಳಿತಾಯ. ಮೂರು ತಿಂಗಳ ಬಾಡಿಗೆ ಮುರಿದುಕೊಂಡು ಇಪ್ಪತ್ತನಾಲ್ಕೂವರೆ ಸಾವಿರ ಉಳಿಯಿತು. ಅಷ್ಟನ್ನಾದರೂ ಇಟ್ಟಿದ್ದಾರೋ ನುಂಗಿದ್ದಾರೋ ಎಂದು ಮುರಿಗೆವ್ವನಿಗೆ ಅನುಮಾನ. ಇವಳ ಗಂಡ ನಿಜವಾಗಿ ಗೋವಾದಲ್ಲಿದ್ದಾನೋ ಇನ್ನೆಲ್ಲಿದ್ದಾನೋ ಎಂದು ನಾರಾಯಣಮ್ಮನಿಗೆ ಅನುಮಾನ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾ ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು. “ಗೋವಾದಲ್ಲಿ ಮಳೆಯಂತಲ್ಲೇ?” ಎಂದು ನಾರಾಯಣಮ್ಮ ಕೇಳಬೇಕು, “ಹೌದಂತ್ರೀ” ಎಂದು ಮುರಿಗೆವ್ವ ತೊದಲಬೇಕು.

ಜೈಲಿನ ಭೇಟಿಗೆ ಹೋಗುತ್ತಿದ್ದುದೂ ನಾಲ್ಕನೇ ತಿಂಗಳಿಗೇ ನಿಂತಿತು. ಒಂದು ದಿನ ಅಗ್ರಹಾರದ ಸ್ಟಾಪಿನಲ್ಲಿ ಬಸ್ಸಿಳಿಯುವಾಗ ಪಕ್ಕದ ಬೀದಿಯ ಹೆಂಗಸೊಬ್ಬಳು ಕಂಡು, “ಏನಕ್ಕಾ ಈ ಕಡೆ?” ಎಂದಳು. ಅಷ್ಟಕ್ಕೇ ಆ ಕಡೆ ಹೋಗುವುದನ್ನೇ ಬಿಟ್ಟರು. ಒಳಗಿಂದ ಗುರುಸಿದ್ದ ಫೋನು ಮಾಡಿದರೆ, ಗೋಡೆಗೆ ಕಿವಿ ಇದೆಯೇನೋ ಎಂಬಂತೆ ಪಿಸುಗುಟ್ಟಿ, “ಆರಾಮ ಅದೀನಿ, ಇನ್ನ ಫೋನ್ ಮಾಡಬ್ಯಾಡ್ರಿ” ಎಂದು ಇಟ್ಟುಬಿಟ್ಟರು.

ಆರು ತಿಂಗಳು ಮುಗಿಯುವುದಕ್ಕೆ ಒಂದು ವಾರವಿದ್ದಾಗ ಮುರಿಗೆವ್ವನ ಫೋನಿಗೆ ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂತು. “ಅಮ್ಮ, ನಾನು ಅರ್ಪಿತ ಅಂತ, ಉಚಿತ ಕಾನೂನು ನೆರವಿನಿಂದ ಮಾತಾಡ್ತಿದೀನಿ. ನಿಮ್ಮ ಯಜಮಾನ್ರ ದಂಡ ಹತ್ತು ಸಾವಿರ ಕಟ್ಟಿಲ್ಲ. ಕಟ್ಟದಿದ್ರೆ ಇನ್ನೊಂದು ತಿಂಗಳು ಇರ್ಬೇಕಾಗತ್ತೆ.”

ಯಾರಿಗಾದರೂ ಏನನ್ನಿಸುತ್ತದೆ ಹೇಳಿ. ಪೊಲೀಸ್ ಅಂತ, ಕೋರ್ಟ್ ಅಂತ ಫೋನು ಮಾಡಿ ದುಡ್ಡು ಕೀಳುವವರ ಸುದ್ದಿ ಬಿ.ಟಿ.ಎಂ.ನ ಪಿ.ಜಿ. ಹುಡುಗರು ದಿನಾ ಹೇಳುತ್ತಿದ್ದರು. ಅದರ ಮೇಲೆ ದಂಡ ಕಟ್ಟಾಗಿದೆ ಎಂದು ಮುರಿಗೆವ್ವ ನಂಬಿದ್ದರು. ಅದರ ಮೇಲೆ ಉಚಿತ ಬೇರೆ! “ನಾ ಅಷ್ಟು ದಡ್ಡಿ ಅಲ್ಲ ತಂಗಿ” ಎಂದು ಕರೆ ಕತ್ತರಿಸಿ, ಪಿ.ಜಿ.ಯ ಹುಡುಗಿಯೊಬ್ಬಳ ಕೈಯಲ್ಲಿ ಆ ಸಂಖ್ಯೆಯನ್ನು ಬ್ಲಾಕ್ ಮಾಡಿಸಿದರು. ಮರುದಿನ ಬೇರೆ ಸಂಖ್ಯೆಯಿಂದ ಬಂತು. ಅದನ್ನೂ ಮಾಡಿಸಿದರು. ಆ ಹುಡುಗಿ ಶಹಬ್ಬಾಸ್ ಆಂಟಿ ಎಂದಳಂತೆ.

ಆರು ತಿಂಗಳು ತುಂಬಿದ ದಿನ ಅರ್ಪಿತಳೇ ವಿಳಾಸ ಹುಡುಕಿಕೊಂಡು ಔಟ್‌ಹೌಸಿನ ಬಾಗಿಲಿಗೆ ಬಂದಳು. ಇಪ್ಪತ್ತೈದರ ಹುಡುಗಿ, ಬೆನ್ನಿಗೊಂದು ಚೀಲ, ಕೈಯಲ್ಲಿ ಗುರುಸಿದ್ದರ ಸಹಿ ಇದ್ದ ಕಾಗದ. ಮುರಿಗೆವ್ವ ಹೊಸ್ತಿಲಿನಿಂದ ಒಳಗೆ ಬಿಡಲಿಲ್ಲ. ಸಹಿ ಯಾರು ಬೇಕಾದರೂ ಹಾಕಬಹುದು. ಮುರಿಗೆವ್ವ ಒಂದು ಪರೀಕ್ಷೆ ಒಡ್ಡಿದರು. “ನೀ ಖರೇನ ಅವ್ರನ್ನ ನೋಡಿದ್ರ, ಹೋಗಿ ಕೇಳ್ಕೊಂಡ ಬಾ. ದಿನಾ ನಾ ಮಾಡೂ ಮೊದಲನೇ ರೊಟ್ಟಿ ಯಾರಿಗಿ?”

ಅರ್ಪಿತ ಜೈಲಿಗೆ ಹೋಗುತ್ತಿದ್ದುದು ಗುರುವಾರಗಳಂದು ಮಾತ್ರ. ಗುರುವಾರ ಬರಲು ಐದು ದಿನವಿತ್ತು. ಸ್ವತಃ ಹೋಗಿ ಗಂಡನನ್ನೇ ಕೇಳಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಅದನ್ನು ಈಗ ಮುರಿಗೆವ್ವನೇ ಹೇಳಿ ಹಣೆ ಚಚ್ಚಿಕೊಳ್ಳುತ್ತಾರೆ. “ಬುದ್ಧಿ ಎಲ್ಲಿ ಮಣ್ಣು ತಿನ್ನಾಕ ಹೋಗಿತ್ತೋ ಏನೋ. ಅಕಿನ ಹಿಡದ ಹಾಕಬೇಕಂತ ಹಠ ಬಂದಿತ್ರೀ. ಬಿಳಿ ಅಂಗಿಯಾಂವ ಸಿಗಲಿಲ್ಲ, ಈ ಹುಡುಗಿನರ ಸಿಕ್ಕಾಳ ಅಂತ.”

ಆ ಗುರುವಾರ ಕಳೆದು ಶನಿವಾರ ಅರ್ಪಿತ ಮತ್ತೆ ಬಂದಳು. ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದಳು. “ಅದು ಹರಿದುಹೋಗತ್ತಂತೆ. ಹರಿದದ್ದು ಯಾರಿಗೂ ಮಾರೋಕಾಗಲ್ಲ, ಅದಕ್ಕೆ ಅವರೇ ತಿಂತಾರಂತೆ. ನಾನಿಲ್ಲ, ಈಗ ಯಾರು ತಿಂತಿದಾರೆ ಕೇಳಿ ಅಂದ್ರು.”

ಮುರಿಗೆವ್ವ ಹೊಸ್ತಿಲ ಮೇಲೆ ಕೂತು ದಿನ ಎಣಿಸಿದರು. ಒಂದು ವಾರ. ಆ ಮನುಷ್ಯ ಇಷ್ಟೊತ್ತಿಗೆ ಮನೆಯಲ್ಲಿರಬೇಕಿತ್ತು. ಬಿಳಿ ಷರಟಿನವನನ್ನು ನಂಬಿ ಆರು ಸಾವಿರ ಕಳೆದದ್ದಕ್ಕಿಂತ, ಈ ಹುಡುಗಿಯನ್ನು ನಂಬದೆ ಗಂಡನ ಏಳು ದಿನ ಕಳೆದದ್ದು ಅವರಿಗೆ ಹೆಚ್ಚು ಉರಿಯಿತು. ಅವತ್ತು ಸಂಕಟ ತಡೆಯಲಾಗದೆ ಆ ಹುಡುಗಿಯ ಎದುರಿಗೇ ಅತ್ತರು.

ಇನ್ನು ಹತ್ತು ಸಾವಿರ ಎಲ್ಲಿಂದ? ದುಡ್ಡು ಇರುವುದು ಒಂದೇ ಕಡೆ, ಮೇಲಿನ ಮಹಡಿಯಲ್ಲಿ, ನಾರಾಯಣಮ್ಮನ ಬೀರುವಿನಲ್ಲಿ. ಕೇಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಮನೆ ಖಾಲಿ ಮಾಡು ಎನ್ನಬಹುದು. ಆರು ತಿಂಗಳು ಸುಳ್ಳು ಹೇಳಿ ಉಳಿಸಿಕೊಂಡ ಮನೆಯನ್ನು ತಾವಾಗಿಯೇ ಕಳೆದುಕೊಳ್ಳುವುದೋ, ಗಂಡನನ್ನು ಇನ್ನೂ ಮೂರು ವಾರ ಒಳಗೇ ಬಿಡುವುದೋ? ಭಾನುವಾರ ಸಂಜೆ ಮುರಿಗೆವ್ವ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ನಿಂತು ಒಮ್ಮೆ ಇಳಿದರು, ಮತ್ತೆ ಹತ್ತಿದರು.

ನಾರಾಯಣಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. ತಲೆ ಎತ್ತದೆಯೇ ಕೇಳಿದರು. “ಇವತ್ತಾದ್ರೂ ನಿಜ ಹೇಳಕ್ಕೆ ಬಂದ್ಯಾ? ಅದ್ಯಾವಳೇ ಚೀಲ ಹಾಕ್ಕೊಂಡು ಬಂದಿದ್ಲು? ಎಷ್ಟು ಜನದ ಚೀಟಿ ದುಡ್ಡು ಎತ್ಕೊಂಡು ಓಡೋಗವ್ನೆ ನಿನ್ ಗಂಡ?”

“ಚೀಟಿ ಅಲ್ರೀ ಅಮ್ಮಾರ. ಜೈಲಿನ್ಯಾಗ ಅದಾರ.”

ನಾರಾಯಣಮ್ಮನ ಕೈ ನಿಂತಿತು. “ಜೈಲಾ?” ಎಂದರು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟರು. “ಥೂ ನಿನ್ನ! ಅಷ್ಟೇನಾ? ಇಡೀ ಬೀದಿ ದುಡ್ಡು ಎತ್ತವ್ನೆ, ನಾಳೆ ಜನ ನಮ್ ಮನೆ ಮುಂದೆ ಬಂದು ನಿಂತ್ಕೋತಾರೆ ಅಂತ ನಾನು ಮೂರು ತಿಂಗಳಿಂದ ನಿದ್ದೆ ಕೆಟ್ಟಿದೀನಲ್ಲೇ!”

ಆಮೇಲೆ ಅವರು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಕಿಟಕಿಯಾಚೆ ಕೈ ತೋರಿಸಿದರು. ಅಲ್ಲಿ ಕಾಣುವುದು ತೊಂಬತ್ತಾರು ಮನೆಗಳ ಅಪಾರ್ಟ್‌ಮೆಂಟು. ಮುರಿಗೆವ್ವ ದಿನಾ ನಾಲ್ಕು ಕಟ್ಟು ರೊಟ್ಟಿ ಕೊಡುವುದು ಅದರ ಗೇಟಿಗೇ. “ಅದು ನಮ್ದೇ ಜಮೀನು ಕಣೇ. ಅವರೆ ಹಾಕ್ತಿದ್ವಿ ಅಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ಬದುವಿನ ಜಗಳದಲ್ಲಿ ನಮ್ಮೋರು ಒಬ್ಬನ ಕೈ ಮುರಿದುಬಿಟ್ರು. ಜಾಮೀನು ಸಿಕ್ಕೋಕೆ ಹದಿನೆಂಟು ದಿನ ಆಯ್ತು. ಹದಿನೆಂಟೇ ದಿನ! ಲಾಯರ್ರು, ಆ ಕಡೆಯವರ ಆಸ್ಪತ್ರೆ ಖರ್ಚು, ಮನೇಲಿ ಗಂಡಸಿಲ್ಲ ಅಂತ ಗೊತ್ತಾಗಿ ಮನೆಗೇ ಬಂದು ಕೂತ ಬ್ರೋಕರ್ರು. ನಂಗೆ ಏನು ತಿಳೀತಿತ್ತು? ತೋರಿಸಿದ ಕಡೆ ಹೆಬ್ಬೆಟ್ಟು ಒತ್ದೆ. ಹದಿನೆಂಟು ದಿನಕ್ಕೆ ಇಪ್ಪತ್ತು ಗುಂಟೆ ಹೋಯ್ತು. ಅವರು ಬಂದು ಕೇಳಿದ್ರೆ ಏನು ಹೇಳ್ಲಿ ಅಂತ ನಾನೂ ಎಷ್ಟೋ ದಿನ ಸುಳ್ಳು ಹೇಳ್ದೆ.”

ನಾರಾಯಣಮ್ಮ ಎದ್ದು ಬೀರು ತೆರೆದರು. ಹತ್ತು ಸಾವಿರ ಎಣಿಸಿದರು, ಎರಡು ಸಲ. ದಾನವೇನೂ ಅಲ್ಲ, ಅಡ್ವಾನ್ಸಿನದೇ ದುಡ್ಡು. ಮನೆಯ ಕರಾರು ಪತ್ರದ ಬೆನ್ನಿಗೆ ಬರೆಸಿ ಸಹಿ ಹಾಕಿಸಿಕೊಂಡರು. ಉಳಿದದ್ದು ಹದಿನಾಲ್ಕೂವರೆ ಸಾವಿರ ಎಂದೂ ಹೇಳಿದರು. ಅಡ್ವಾನ್ಸು ನುಂಗಿಲ್ಲವೆಂದು ಮುರಿಗೆವ್ವನಿಗೆ ಖಾತ್ರಿಯಾದದ್ದು ಅವತ್ತೇ.

ದಂಡ ಕಟ್ಟಿ, ಕಾಗದಪತ್ರ ಜೈಲು ತಲುಪಿ ಗುರುಸಿದ್ದ ಹೊರಗೆ ಬಂದಾಗ ಹದಿಮೂರು ದಿನ ಹೆಚ್ಚಾಗಿತ್ತು. “ಆರು ತಿಂಗಳು ಜಡ್ಜ್ ಸಾಹೇಬ್ರು ಕೊಟ್ಟಿದ್ದು. ಹದಿಮೂರು ದಿನ ಕೊಸರು ನಾ ಹಾಕಿದ್ದು” ಎಂದು ಮುರಿಗೆವ್ವ ಗಂಡನ ಕಡೆ ನೋಡದೆ ಹೇಳುತ್ತಾರೆ. ಗುರುಸಿದ್ದ ರೊಟ್ಟಿ ಮಗುಚಿ ಹಾಕುತ್ತಾ ನಗುತ್ತಾರೆ. ಅವರು ಬಂದ ದಿನ ಎರಡು ಕೆ.ಜಿ. ಹೆಚ್ಚಿದ್ದರಂತೆ. ಒಳಗೇ ಆರಾಮಿದ್ದನೇನೋ ಎಂಬ ಅನುಮಾನವೂ ಹೆಂಡತಿಗೆ ಸ್ವಲ್ಪ ದಿನ ಇತ್ತು.

ಅವರು ಬಂದು ಎಂಟು ತಿಂಗಳಾಯಿತು. ಶಿಕ್ಷೆ ಮುಗಿಯಿತೇ? ಕಾಗದದಲ್ಲಿ ಮುಗಿದಿದೆ. ಲೈಸೆನ್ಸ್ ಅಮಾನತಿನಲ್ಲಿದೆ. ಕೇಸಿನವನೆಂದು ಯಾರೂ ಡ್ರೈವರ್ ಕೆಲಸ ಕೊಡುವುದಿಲ್ಲ. ಫೈನಾನ್ಸ್‌ನವರ ಬಾಕಿಗೆ ತಿಂಗಳಿಗೆ ಎರಡು ಸಾವಿರದಂತೆ ಕಟ್ಟುತ್ತಿದ್ದಾರೆ, ಇನ್ನೂ ಎರಡು ವರ್ಷಕ್ಕೂ ಮೇಲೆ ಕಟ್ಟಬೇಕು. ಕಿವಿಯೋಲೆ ಅಡವಿನಲ್ಲೇ ಇದೆ. ರೊಟ್ಟಿ ಮಾತ್ರ ಇಪ್ಪತ್ತು ಕಟ್ಟಿಗೆ ಮರಳಿದೆ. ಡಬ್ಬಿಯ ಮೇಲೆ ಹೊಸ ಕ್ಯೂಆರ್ ಚೀಟಿ ಬಂದಿದೆ, ಖಾತೆ ಮುರಿಗೆವ್ವನದು. ದುಡ್ಡು ಬಂದಾಗ ಫೋನು ಕೂಗಿ ಹೇಳಿದರೂ ಅವರು ಹುಡುಗರ ಮೊಬೈಲನ್ನೂ ಇಣುಕಿ ನೋಡುತ್ತಾರೆ.

ಗುರುಸಿದ್ದರ ಹೆಸರಿನಲ್ಲಿರುವ ಮನೆಯ ಕರಾರು ಎರಡು ವರ್ಷದ್ದು, ಈ ವಾರ ಮುಗಿಯುತ್ತದೆ. ಪತ್ರಿಕೆಯವರಿಗೆ ಇಷ್ಟು ದಿನ ಸರಿಯಾಗಿ ಉತ್ತರ ಕೊಡದಿದ್ದುದು ಅದಕ್ಕೇ. ಕತೆ ಪೇಪರಿನಲ್ಲಿ ಬಂದು, ನಾರಾಯಣಮ್ಮನ ಮಕ್ಕಳು ಓದಿ, ಜೈಲಿನವರಿಗೆ ಯಾಕೆ ಮನೆ ಕೊಡುತ್ತೀಯ ಎಂದರೆ? ಇವತ್ತು ಬೆಳಗ್ಗೆ ಏಳೂವರೆಗೆ ನಾರಾಯಣಮ್ಮ ಹೊಸ ಛಾಪಾ ಕಾಗದ ಹಿಡಿದು ಇಳಿದು ಬರುತ್ತಾರೆ. ಮುರಿಗೆವ್ವನ ಕೈ ಹಿಟ್ಟಿನಲ್ಲೇ ನಿಲ್ಲುತ್ತದೆ.

“ತಗೋ. ಐನೂರು ಜಾಸ್ತಿ ಮಾಡಿದೀನಿ. ಹೆಸರು ನಿಂದೇ ಹಾಕ್ಸಿದೀನಿ. ಅವತ್ತು ನನ್ ಹೆಸರಲ್ಲಿ ಏನೂ ಇರ್ಲಿಲ್ಲ, ಒತ್ತಕ್ಕೆ ಹೆಬ್ಬೆಟ್ಟು ಮಾತ್ರ ಇತ್ತು. ಓದಿಸ್ಕೊಂಡು ಸೈನ್ ಹಾಕು.”

ಮುರಿಗೆವ್ವ ಕೈ ತೊಳೆದು ಬರುತ್ತಾರೆ. ಪತ್ರಿಕೆಯವರ ಕೈಯಲ್ಲಿ ಒಮ್ಮೆ ಓದಿಸುತ್ತಾರೆ. ಗುರುಸಿದ್ದರ ಕೈಯಲ್ಲಿ ಒಮ್ಮೆ. ಆಮೇಲೆ ಒಂದೊಂದು ಪುಟದ ಫೋಟೊ ತೆಗೆದು ಅರ್ಪಿತಳಿಗೆ ಕಳಿಸಿ, ಅವಳು ಸರಿಯಿದೆ ಎಂದು ಫೋನಿನಲ್ಲಿ ಹೇಳುವ ತನಕ ಪೆನ್ನು ಮುಟ್ಟುವುದಿಲ್ಲ. ನಾರಾಯಣಮ್ಮನಿಗೆ ಬೇಸರವಿಲ್ಲ. ಕಟ್ಟೆಯ ಮೇಲೆ ಕೂತು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಾ ಕಾಯುತ್ತಾರೆ. ಬಾಡಿಗೆದಾರರು: ಶ್ರೀಮತಿ ಮುರಿಗೆವ್ವ. ಆ ಹೆಸರಿನ ಕೆಳಗೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಬೀಳುತ್ತದೆ.

“ಐನೂರು ಏರ್ಸಿದ್ದು ಚಲೋ ಆತು ನೋಡ್ರಿ” ಎಂದು ನಾರಾಯಣಮ್ಮ ಮೇಲೆ ಹೋದ ನಂತರ ಮುರಿಗೆವ್ವ ಹೇಳುತ್ತಾರೆ. “ಏರಸ್ಲಾರದ ಹಂಗ ಕೊಟ್ಟಿದ್ರ, ಇದರಾಗ ಏನೋ ಮಸಲತ್ತೈತಿ ಅಂತ ರಾತ್ರಿ ನಿದ್ದಿ ಬರ್ತಿರಲಿಲ್ಲ.”

ಹಾಗಾದರೆ ಹೆಸರು ಹಾಕಬಹುದೇ? “ಹಾಕ್ರಿ. ಮಗಳಿಗೆ ನಿನ್ನಿ ನಾನೇ ಎಲ್ಲಾ ಹೇಳೀನಿ. ಅತ್ತಳು, ಆಮ್ಯಾಲ ಬೈದಳು.” ಆಸೆ ಏನಾದರೂ ಇದೆಯೇ ಎಂದರೆ ಕಿವಿ ಮುಟ್ಟಿಕೊಳ್ಳುತ್ತಾರೆ. “ಓಲಿ ಬಿಡಿಸ್ಕೋಬೇಕ್ರೀ. ಮತ್ತೇನೂ ಇಲ್ಲ.”

ಹೊರಡುವ ಹೊತ್ತಿಗೆ ಪತ್ರಿಕೆಯವರು ಒಂದು ಕಟ್ಟು ರೊಟ್ಟಿ ಕೊಂಡು ನೂರು ರೂಪಾಯಿ ಕೊಡುತ್ತಾರೆ. ಮುರಿಗೆವ್ವ ನೋಟನ್ನು ಬೆಳಕಿಗೆ ಹಿಡಿದು ನೋಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕಟ್ಟನ್ನು ಹಾಗೇ ಚೀಲಕ್ಕಿಳಿಸಲು ಹೋದರೆ ಬಿಡುವುದಿಲ್ಲ.

“ನನ್ನ ನಂಬಬ್ಯಾಡ್ರಿ. ಬಿಚ್ಚಿ ಎಣಿಸ್ರಿ.”

ಎಣಿಸಿದರೆ ಹನ್ನೊಂದು.

“ಅವ್ರು ಒಳಗಿದ್ದಾಗೂ ಹನ್ನೊಂದ ಹಾಕೀನ್ರೀ, ಒಂದ ದಿನಾನೂ ತಪ್ಪಿಸಿಲ್ಲ. ಹೆಸರಿನ ಕೂಡ ಅದನ್ನೂ ಬರೀರಿ.”